ಬಾಣಂತಿ ಹಂದಿಗೆ ಬಿ.ಎ. ಪಥ್ಯ

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲ ಪ್ರಾಣಿ ನಾನು. ಅಪ್ಪ ಹಮಾಲಿ ಮಾಡಿದ, ಅವ್ವ ಕಳೆ ಕಿತ್ತಳು, ನಾನು ಇಂಗ್ಲಿಷ್ ಪೇಪರನ್ನು ಮೂರು ಸಲ ಬರೆದೆ. ಮೂವರೂ ಕಷ್ಟಪಟ್ಟೆವು! ಆ ಸರ್ಟಿಫಿಕೇಟು ಈಗ ಆವರಗೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ, ದೇವರ ಫೋಟೋಕ್ಕಿಂತ ಒಂದು ಗೇಣು ಕೆಳಗೆ ತೂಗುತ್ತಿದೆ. ಇಂಥವನು ಒಂದು ಹಂದಿಯ ಹೊಟ್ಟೆ ನೋಡಿಕೊಳ್ಳಲಾರನೇ?

ಹಂದಿ ನನ್ನ ಹೆಂಡತಿ ರೇಣುಕಾಳದು. ಹೆಸರು ರಾಣಿ. ಹರಿಹರದ ತವರಿನಿಂದ ಮರಿಯಾಗಿ ತಂದು ಸಾಕಿದ್ದಳು. ಚೊಚ್ಚಲಲ್ಲೇ ಹತ್ತು ಮರಿ ಹಾಕಿತು. ಆದರೆ ಹಿಂದೊಂದು ಹಂದಿ ಗಬ್ಬವಾಗದೆ ವರ್ಷವಿಡೀ ಕೂತು ತಿಂದದ್ದನ್ನು ಅವ್ವ ಮರೆತಿರಲಿಲ್ಲ.

"ಮರಿಗೆ ಹಾಲು ಬಿಡಿಸಿ ಹದಿನೈದು ದಿನದಾಗ ಬೆದಿಗೆ ಬಂದ್ರೆ ಇಟ್ಕೊಳ್ರಿ. ಬರ್ಲಿಲ್ಲಾ, ಕಟುಕರಿಗೆ ಕೊಟ್ಬಿಡ್ರಿ" ಎಂದು ತೀರ್ಪು ಕೊಟ್ಟಳು.

ರೇಣುಕಾಳ ಮುಖ ಬಾಡಿತು. "ಹೆದರಬ್ಯಾಡ, ನಾನಿದೀನಿ" ಎಂದೆ. ಅನರ್ಥ ಶುರುವಾದದ್ದೇ ಅಲ್ಲಿ.

ದಾವಣಗೆರೆಯಲ್ಲಿ ನಡೆದ ಹಂದಿ ಸಾಕಾಣಿಕೆ ತರಬೇತಿಯಲ್ಲಿ ಊಟದ ಜೊತೆಗೊಂದು ಪುಸ್ತಕ ಕೊಟ್ಟಿದ್ದರು. ಮೊದಲ ಪುಟದಲ್ಲೇ 'ಕೊಬ್ಬು ಬೆಳೆದ ಹಂದಿ ಬೆದೆಗೆ ಬರುವುದು ಕಷ್ಟ' ಎಂದಿತ್ತು. ಸಾಕಲ್ಲ! ಪುಸ್ತಕ ಮಡಚಿಟ್ಟೆ. ಪರೀಕ್ಷೆಗೂ ನಾನು ಓದುತ್ತಿದ್ದುದು ಹೀಗೆಯೇ.

ಅವ್ವನಿಗೆ ಹೇಳಿದೆ. ಹಿಗ್ಗಿಹೋದಳು. "ನಾನೂ ಅದನ್ನೇ ಹೇಳೋದು. ಬಾಣಂತಿ ಅಂದಮ್ಯಾಲೆ ಪಥ್ಯ ಬೇಕು. ಹೊಟ್ಟೆ ತುಂಬ ಹಾಕಬಾರ್ದು, ನೀರಂತೂ ಮುಟ್ಟಿಸಬಾರ್ದು."

ಶಾಸ್ತ್ರವೂ ವಿಜ್ಞಾನವೂ ಒಂದೇ ಮಾತಾಡಿದ ಮೇಲೆ ತಡವೇಕೆ? ದೊಡ್ಡಿಯ ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಬೆಳಿಗ್ಗೆ ಒಂದು ಮಗ್ ತೌಡು, ಸಂಜೆ ಒಂದು ಮಗ್. ನೀರು ಅಳತೆಯಲ್ಲಿ. ನಂಜಾಗದಿರಲೆಂದು ಮೆಣಸು, ಬೆಳ್ಳುಳ್ಳಿ!

"ಹತ್ತು ಮಕ್ಳಿಗೆ ಹಾಲು ಕುಡ್ಸೋಳಿಗೆ ಒಂದು ಮಗ್ ತೌಡೇನ್ರೀ?" ಎಂದಳು ರೇಣುಕಾ.

"ಇದು ಸೈನ್ಸು. ನಿನಗೆ ತಿಳಿಯಲ್ಲ."

ಅವಳು ನನ್ನನ್ನು ಒಂದು ಥರ ನೋಡಿ ತೌಡಿನ ಮಗ್ ಎತ್ತಿಕೊಂಡಳು. ಆ ನೋಟದ ಅರ್ಥ ನನಗೆ ತಡವಾಗಿ ತಿಳಿಯಿತು.

ಮರಿಗಳು ಉಬ್ಬಿದವು, ರಾಣಿ ಬತ್ತಿತು. ಬೆನ್ನುಮೂಳೆ ಎದ್ದು ಕಂಡಾಗ ನನಗೆ ಸಂತೋಷವೋ ಸಂತೋಷ. ಕೊಬ್ಬು ಇಳಿಯಿತು! ಒಂದು ದಿನ ರಾಣಿ ವೇಳಾಪಟ್ಟಿಯನ್ನೇ ಕಿತ್ತು ತಿಂದಿತು. ಮರುದಿನ ಒಣಗಲು ಹಾಕಿದ್ದ ನನ್ನ ಲುಂಗಿ. ಮೂರನೇ ದಿನ ಗೇಟು ಮುರಿದು, ಕಲ್ಯಾಣ ಮಂಟಪದ ಹಿಂದಿನ ಎಂಜಲೆಲೆ ರಾಶಿಗೆ ನುಗ್ಗಿತು. ನಾನು ಹಿಂದೆಯೇ ಓಡಿದೆ.

"ತಿನ್ನಾಕ ಬಿಡಬ್ಯಾಡ್ರೀ, ಪಥ್ಯದಾಗ ಐತೆ!" ಎಂದು ಕೂಗಿದೆ.

ಸೌಟು ಹಿಡಿದಿದ್ದ ಅಡುಗೆಯವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಯಾವ ಡಾಕ್ಟ್ರು ಹೇಳಿದ್ರು?"

"ನಾನೇ!"

ಅಂತೂ ಮರಿ ಬಿಡಿಸಿದ್ದಾಯಿತು. ಒಂದು ವಾರ ಕಳೆಯಿತು, ಬೆದೆಯಿಲ್ಲ. ಹದಿಮೂರನೇ ದಿನ ಬೆವರಿದೆ. ಗಂಡಿನ ಮುಖ ನೋಡಿದರೆ ಮನಸ್ಸಾದೀತೆಂದು ರಾಣಿಯನ್ನು ಗೂಡ್ಸ್ ಆಟೋ ಹತ್ತಿಸಿ, ರೇಣುಕಾಳನ್ನೂ ಕೂರಿಸಿಕೊಂಡು ಹರಿಹರಕ್ಕೆ ಹೊರಟೆ. ಅವಳ ತಮ್ಮ ರಮೇಶನ ಹತ್ತಿರ ಪೈಲ್ವಾನ ಎಂಬ ಗಂಡುಹಂದಿ ಇತ್ತು.

ಪೈಲ್ವಾನ ಗುರುಗುಟ್ಟುತ್ತಾ ಬಂತು. ರಾಣಿ ತಿರುಗಿಯೂ ನೋಡದೆ ಅದರ ತೌಡಿನ ಬಾನಿಗೆ ಬಾಯಿ ಹಾಕಿ, ತಳ ಕಾಣುವ ತನಕ ತಲೆ ಎತ್ತಲಿಲ್ಲ.

"ಭಾವ, ನಿಮ್ಮ ಹುಡುಗಿ ಮದುವಿಗೆ ಬಂದಿಲ್ಲ, ಊಟಕ್ಕೆ ಬಂದೈತೆ" ಎಂದ ರಮೇಶ. ರಾಣಿಯ ಪಕ್ಕೆ ಸವರಿ ಹೇಳಿದ: "ಹಾಲು ಕುಡ್ಸೋವಾಗ ಹೊಟ್ಟಿಗೆ ಹಾಕಿಲ್ಲ. ಮೈಯಾಗಿಂದೆಲ್ಲ ಕರಗಿ ಹಾಲಾಗೈತೆ. ತನಗೇ ಇಲ್ಲ, ಬೆದಿ ಎಲ್ಲಿಂದ ಬರ್ಬೇಕು?"

ಮನೆಗೆ ಬಂದು ಪುಸ್ತಕದ ಎರಡನೇ ಪುಟ ತೆರೆದೆ. 'ಮೊಲೆಯುಣಿಸುವ ಹಂದಿಗೆ ಮಾತ್ರ ತಿನ್ನುವಷ್ಟೂ ಹಾಕಿ, ಕುಡಿಯುವಷ್ಟೂ ನೀರು ಕೊಡಿ.' ಹಾಳಾದ್ದು, ಅದೇ ಹಾಳೆಯ ಹಿಂಬದಿ!

ಹದಿನೈದನೇ ದಿನ ಅವ್ವ ಕಟುಕರ ಮಾತೆತ್ತಿದಳು. ರೇಣುಕಾ ದೊಡ್ಡಿಯ ಬಾಗಿಲಿಗೆ ಅಡ್ಡ ನಿಂತಳು.

"ತಪ್ಪು ಇದರದ್ದಲ್ಲತ್ತಿ. ನಾನು ಬಾಣಂತಿ ಇದ್ದಾಗ್ಲೂ ಹಿಂಗೇ ಮಾಡಿದ್ರಿ. ಒಂದು ಹಿಡಿ ಅನ್ನ, ಮೆಣಸಿನ ಸಾರು. ನೀರಡಿಕಿಗೆ ಬಚ್ಚಲದಾಗಿನ ನೀರು ಕದ್ದು ಕುಡಿದೀನಿ. ನನಗೆ ಗೇಟು ಮುರಿಯಾಕ ಬರ್ಲಿಲ್ಲ, ಅಷ್ಟೇ."

ಆಗ ನಾನೂ ಅದೇ ಮನೆಯಲ್ಲಿದ್ದೆ, ಎರಡು ಹೊತ್ತು ಹೊಟ್ಟೆ ತುಂಬ ಉಣ್ಣುತ್ತಿದ್ದೆ. ಡಿಗ್ರಿಯೂ ಇತ್ತು.

ಅವ್ವ ಬಹಳ ಹೊತ್ತು ಸೆರಗಿನ ತುದಿ ತಿರುಚಿದಳು. ಆಮೇಲೆ ಎದ್ದು, ಬಕೆಟ್ ತುಂಬ ತೌಡು ಕಲಸಿ ತಾನೇ ರಾಣಿಯ ಮುಂದಿಟ್ಟಳು. "ನಮ್ಮತ್ತಿ ನನಗೂ ಹಂಗೇ ಮಾಡಿದ್ಲು ಕಣವ್ವ" ಎಂದಳು, ಮುಖ ಆ ಕಡೆ ತಿರುಗಿಸಿ.

ಮೂರು ವಾರ ಹೊಟ್ಟೆ ತುಂಬ ತಿಂದ ರಾಣಿ ಬೆದೆಗೆ ಬಂತು. ಈಗ ಗಬ್ಬ.

ಪುಸ್ತಕ ರೇಣುಕಾಳ ಕೈ ಸೇರಿದೆ. ನಿನ್ನೆ ನನ್ನ ತಟ್ಟೆಗೆ ಒಂದೇ ರೊಟ್ಟಿ ಬಿತ್ತು. "ಇದೇನೇ?" ಎಂದೆ.

"ಕೊಬ್ಬು ಬೆಳೀಬಾರ್ದಂತೆ. ಮೊದಲ್ನೇ ಪುಟದಾಗೈತೆ."

"ಎರಡ್ನೇ ಪುಟ ಓದ್ಲಿಲ್ಲೇನು?"

"ಓದೀನ್ರಿ. ಅದು ಮೊಲೆಯುಣ್ಸೋರಿಗೆ ಮಾತ್ರ!"