ಅಭಿಯಾನ ಮುಗಿಯುವವರೆಗೆ ಉತ್ತರವಿಲ್ಲ

ಮುಕ್ತ ವಿದ್ವತ್ ಬಳಗವು ಸಂಪೂರ್ಣ ಉಚಿತವಾಗಿರುವುದರಿಂದ ಅದನ್ನು ನಡೆಸಲು ಪ್ರತಿವರ್ಷವೂ ಹಣ ಬೇಕಾಗುತ್ತದೆ. ಈ ಮಾತಿನಲ್ಲಿ ಅಸಂಗತವಾದದ್ದು ಏನೂ ಇಲ್ಲವೆಂದು ಬಳಗದ ಅಧ್ಯಕ್ಷರು ವಾರ್ಷಿಕ ಸಭೆಯಲ್ಲಿ ಸ್ಪಷ್ಟಪಡಿಸಿದ್ದು, ಸಭೆಯು ಅದನ್ನು ಚಪ್ಪಾಳೆಯೊಂದಿಗೆ ಅಂಗೀಕರಿಸಿದೆ.

ಬಳಗವೆಂದರೆ ಇಂಟರ್‌ನೆಟ್ಟಿನಲ್ಲಿರುವ ಒಂದು ತಾಣ. ಎಲ್ಲೋ ಒಂದು ಕಾಲೇಜಿನಲ್ಲಿ ಒಬ್ಬರೇ ಕೂತು ತಲೆ ಕೆಡಿಸಿಕೊಳ್ಳುವ ಮೇಷ್ಟರಿಗೆ ಅನುಮಾನ ಬಂತೆನ್ನಿ. ಅದನ್ನು ಅಲ್ಲಿ ಬರೆದು ಹಾಕಿದರೆ ಇನ್ನೆಲ್ಲಿಯದೋ ಒಬ್ಬ ಮೇಷ್ಟರು ಉತ್ತರ ಬರೆಯುತ್ತಾರೆ, ಮತ್ತೊಬ್ಬರು ಅದು ತಪ್ಪೆಂದು ಬರೆಯುತ್ತಾರೆ, ಮಗದೊಬ್ಬರು ಇಬ್ಬರೂ ತಮ್ಮ ಪುಸ್ತಕ ಓದಿಲ್ಲವೆಂದು ಬರೆಯುತ್ತಾರೆ. ಹೀಗೆ ಜ್ಞಾನ ಬೆಳೆಯುತ್ತದೆ. ಕಚೇರಿ ಇರುವುದು ಕನ್ನಡಕದ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ. ಒಂದರಲ್ಲಿ ಯಂತ್ರಗಳು, ಇನ್ನೊಂದರಲ್ಲಿ ಮನುಷ್ಯರು. ಫ್ಯಾನು ಇರುವುದು ಯಂತ್ರಗಳ ಕೋಣೆಯಲ್ಲಿ.

ಮನುಷ್ಯರ ಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದವಳು ಸಂಪಾದಕಿ. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ದೊಡ್ಡವರಾದ ಅಧ್ಯಕ್ಷರೂ ಅಕ್ಕ ಎನ್ನುತ್ತಿದ್ದರು. ಸಂಬಳ ತಡವಾದ ತಿಂಗಳುಗಳಲ್ಲಿ ಆ ಮಾತು ಇನ್ನಷ್ಟು ಮೃದುವಾಗುತ್ತಿತ್ತು. ಬಂದ ಪ್ರಶ್ನೆಗಳನ್ನು ಓದುವುದು, ಕಾಗುಣಿತ ತಿದ್ದುವುದು, ಯಾವ ಪ್ರಶ್ನೆ ಯಾರಿಗೆ ಹೋಗಬೇಕೋ ಅವರಿಗೆ ಕಳಿಸುವುದು ಅವಳ ಕೆಲಸ. ಯಾವ ವಿದ್ವಾಂಸರಿಗೆ ಏನು ಗೊತ್ತು, ಅದಕ್ಕಿಂತ ಹೆಚ್ಚಾಗಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಯಂತ್ರಗಳನ್ನು ನೋಡಿಕೊಳ್ಳುವವನ ಹೆಸರು ಸರ್ವರ್ ಅಣ್ಣ. ಅಳಿಯ ಯಾವುದೋ ಹೋಟೆಲಿನಲ್ಲಿ ಸರ್ವರ್ ಆಗಿದ್ದಾನೆಂದು ಅವನ ಅತ್ತೆ ನಂಬಿದ್ದರು. ಹೋಟೆಲಾದರೆ ಟಿಪ್ಸಾದರೂ ಸಿಗುತ್ತದೆ, ಮರ್ಯಾದೆ ಹೆಚ್ಚು ಎಂದು ಅವನೂ ತಿದ್ದಲು ಹೋಗಿರಲಿಲ್ಲ.

ಹಿಂದೆಲ್ಲ ದೇಣಿಗೆಯ ಕಾಲ ಬಂದರೆ ತಾಣದ ತಲೆಯ ಮೇಲೆ 'ದಯವಿಟ್ಟು ನೆರವಾಗಿ' ಎಂದು ಒಂದು ಸಾಲು ಬರೆಯುತ್ತಿದ್ದರು. ಒಂದಷ್ಟು ಮೇಷ್ಟರುಗಳು ಒಂದಷ್ಟು ಕಳಿಸುತ್ತಿದ್ದರು. ವರ್ಷ ಹೇಗೋ ಉರುಳುತ್ತಿತ್ತು. ಇದು ವೈಜ್ಞಾನಿಕ ಕ್ರಮವಲ್ಲವೆಂದು ಮನಗಂಡ ಅಧ್ಯಕ್ಷರು ಈ ಸಲ ನಿಧಿ ಸಲಹೆಗಾರರೊಬ್ಬರನ್ನು ನೇಮಿಸಿದರು. ಅವರು ಇಸ್ತ್ರಿ ಮುರಿಯದ ಅಂಗಿ ತೊಟ್ಟು, ಕೂರುವ ಕುರ್ಚಿಯನ್ನೂ ತಾವೇ ತಂದಿದ್ದರು.

"ಜನ ಯಾಕೆ ದುಡ್ಡು ಕೊಡಲ್ಲ ಗೊತ್ತಾ ಮೇಡಂ?" ಎಂದು ಬಂದ ದಿನವೇ ಅಕ್ಕನನ್ನು ಕೇಳಿದರು.

"ಅವರ ಹತ್ರಾನೂ ಇರಲ್ಲ ಸಾರ್. ಮೇಷ್ಟರುಗಳು ಪಾಪ."

"ಅಲ್ಲ. ಇಲ್ಲಿ ಕೆಲಸ ಸರಿಯಾಗಿ ನಡೀತಿದೆ, ಅದಕ್ಕೆ ಕೊಡಲ್ಲ. ಸರಾಗವಾಗಿ ಉಸಿರಾಡೋನು ಗಾಳಿಗೆ ದುಡ್ಡು ಕೊಡ್ತಾನಾ?"

ಮರುದಿನ ತಾಣದಲ್ಲಿ ಈ ಕೆಳಕಂಡ ಪ್ರಕಟಣೆ ಹೊರಬಿತ್ತು:

'ಸಕಲ ಸದಸ್ಯರ ಗಮನಕ್ಕೆ. ಬಳಗದ ಸೇವೆಗಳು ಅಡೆತಡೆಯಿಲ್ಲದೆ ಮುಂದುವರಿಯಬೇಕೆಂಬ ಸದುದ್ದೇಶದಿಂದ ಸದರಿ ಸೇವೆಗಳನ್ನು ದೇಣಿಗೆ ಅಭಿಯಾನ ಮುಗಿಯುವವರೆಗೆ ನಿಲ್ಲಿಸಲಾಗಿದೆ. ಪ್ರಶ್ನೆಗಳನ್ನು ಎಂದಿನಂತೆ ಸ್ವೀಕರಿಸಲಾಗುವುದು. ಉತ್ತರಗಳನ್ನೂ ಸ್ವೀಕರಿಸಲಾಗುವುದು, ಆದರೆ ಕೊಡಲಾಗುವುದಿಲ್ಲ. ಈ ಬಗ್ಗೆ ಸಂದೇಹಗಳಿದ್ದಲ್ಲಿ ಅವುಗಳನ್ನು ಪ್ರಶ್ನೆಗಳೆಂದೇ ಪರಿಗಣಿಸಲಾಗುವುದು.'

ಆ ವಾರವೇ ಬೆಟ್ಟದ ತಪ್ಪಲಿನ ಊರೊಂದರ ಆಸ್ಪತ್ರೆಯಿಂದ ಡಾಕ್ಟರಮ್ಮ ಒಬ್ಬರು ಪ್ರಶ್ನೆ ಕಳಿಸಿದರು. ಸೊಂಟದ ಮೂಳೆ ಮುರಿದು ರಸ್ತೆ ಬದಿಯಲ್ಲಿ ಬಿದ್ದಿದ್ದ ಮುದುಕಿಯನ್ನು ಲಾರಿಯವನೊಬ್ಬ ತಂದು ಸೇರಿಸಿ ಹೋಗಿದ್ದ. ಅವಳ ಭಾಷೆ ಆಸ್ಪತ್ರೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಊಟ ಮುಟ್ಟುತ್ತಿರಲಿಲ್ಲ. ಹತ್ತಿರ ಹೋದವರ ಕೈ ಹಿಡಿದುಕೊಂಡು ಒಂದೇ ಸಮನೆ "ತೀಲಮ, ತೀಲಮ" ಎನ್ನುತ್ತಿದ್ದಳು. ತೀಲಮ ಎಂದರೆ ಮಗಳಿರಬೇಕೆಂದು ನರ್ಸ್‌ಗಳು ಊರೆಲ್ಲ ವಿಚಾರಿಸಿದರು. ಆಸ್ಪತ್ರೆಯ ಕಡತದಲ್ಲಿ 'ಹತ್ತಿರದ ಸಂಬಂಧಿ: ತೀಲಮ. ತಾಯಿಯನ್ನು ನೋಡಲು ಬಂದಿರುವುದಿಲ್ಲ' ಎಂದು ಷರಾ ಬರೆದದ್ದೂ ಆಯಿತು. ಮುದುಕಿಯ ದನಿಯನ್ನು ಫೋನಿನಲ್ಲಿ ಹಿಡಿದು ಕಳಿಸಿದ್ದ ಡಾಕ್ಟರಮ್ಮ, 'ದಿನದಿಂದ ದಿನಕ್ಕೆ ಸೊರಗುತ್ತಿದ್ದಾರೆ, ದಯವಿಟ್ಟು ಬೇಗ ತಿಳಿಸಿ' ಎಂದಿದ್ದರು.

ಅಕ್ಕ ಆ ದನಿ ಕೇಳಿದಳು. ಇನ್ನೊಮ್ಮೆ ಕೇಳಿದಳು. ಅದನ್ನು ಯಾರಿಗೆ ಕಳಿಸಬೇಕೆಂದು ಅವಳಿಗೆ ಗೊತ್ತಿತ್ತು. ಪ್ರಾಯವನ್ನೆಲ್ಲ ಆ ಬೆಟ್ಟಗಳಲ್ಲಿ ಸವೆಸಿ, ಅಲ್ಲಿಯ ಮಾತಿಗೊಂದು ವ್ಯಾಕರಣ ಬರೆದು, ಅದನ್ನು ಅಚ್ಚು ಹಾಕುವವರಿಲ್ಲದೆ ಕೂತಿದ್ದ ಭಾಷಾಶಾಸ್ತ್ರದ ಮೇಷ್ಟರೊಬ್ಬರಿದ್ದರು. ಅಕ್ಕನ ಚಹಾ ಆರುವುದರೊಳಗೆ ಅವರ ಉತ್ತರ ಬಂತು: 'ತೀಲಮ ಎಂಬುದು ವ್ಯಕ್ತಿಯಲ್ಲ, ಪೂರ್ಣ ವಾಕ್ಯ. "ಮೇಕೆ ಒಳಗಿದೆ" ಎಂದರ್ಥ. ಬಾಗಿಲು ಹಾಕಿಕೊಂಡು ಬಂದಿದ್ದಾಳೆ. ಯಾರಾದರೂ ಬೇಗ ಹೋಗಿ ತೆಗೆಯಿರಿ. ಅವಳು ಆಡುವುದು ಮೇಲ್ಕಣಿವೆಯ ಕೊನೆಯ ಹಳ್ಳಿಯ ಮಾತು. ದನಿಮುದ್ರಣ ಕಳಪೆಯಾಗಿದೆ.'

ಅಕ್ಕ ಸಲಹೆಗಾರರ ಬಳಿ ಓಡಿದಳು. "ಸಾರ್, ಇದೊಂದನ್ನ ಕಳಿಸಿಬಿಡ್ಲಾ?"

ಸಲಹೆಗಾರರು ಮುದುಕಿಯ ದನಿಯನ್ನು ಕಣ್ಣು ಮುಚ್ಚಿ ಕೇಳಿದರು. ಬಹಳ ಹೊತ್ತು ಕಣ್ಣು ತೆರೆಯಲಿಲ್ಲ.

"ಅದ್ಭುತ" ಎಂದರು. "ಇದನ್ನೇ ನಾನು ಹುಡುಕ್ತಾ ಇದ್ದೆ. 'ಈ ಅಜ್ಜಿ ಏನು ಹೇಳುತ್ತಿದ್ದಾಳೆ? ನಿಮ್ಮ ದೇಣಿಗೆಯಿಂದ ಮಾತ್ರ ತಿಳಿಯಬಲ್ಲದು.' ದೊಡ್ಡಕ್ಷರದಲ್ಲಿ ಹಾಕಿಸಿ."

"ತಿಳಿದಿದೆಯಲ್ಲ ಸಾರ್. ಉತ್ತರ ಬಂದಿದೆ."

"ನಮಗೆ ತಿಳಿದಿದೆ. ದಾನಿಗಳಿಗೆ ತಿಳಿದಿಲ್ಲ. ಉತ್ತರ ಸಿಕ್ಕಿದ ಪ್ರಶ್ನೆಗೆ ಯಾರು ದುಡ್ಡು ಕೊಡ್ತಾರೆ?"

"ಅಲ್ಲಿ ಮೇಕೆ ಸಾಯುತ್ತೆ ಸಾರ್!"

ಸಲಹೆಗಾರರು ಕಲ್ಲುಮನಸ್ಸಿನವರೇನಲ್ಲ. ತುಸು ಯೋಚಿಸಿದರು. "ಮೇಕೆ ನೀರಿಲ್ಲದೆ ಎಷ್ಟು ದಿನ ಇರುತ್ತೆ?"

"ನನಗೇನು ಗೊತ್ತು?"

"ಹಾಗಾದ್ರೆ ಅದನ್ನ ಪಶುವೈದ್ಯ ವಿಭಾಗಕ್ಕೆ ಪ್ರಶ್ನೆಯಾಗಿ ಕಳಿಸಿ."

"ಉತ್ತರ?"

"ಅಭಿಯಾನ ಮುಗಿದ ಮೇಲೆ."

ಅಧ್ಯಕ್ಷರು ವಿಷಯವನ್ನು ಮಾನವೀಯ ದೃಷ್ಟಿಯಿಂದ ಪರಿಶೀಲಿಸಿ, ಆ ಕ್ಷಣವೇ ಮೇಕೆ ಉಪಸಮಿತಿಯನ್ನು ರಚಿಸಿದರು. ಉಪಸಮಿತಿಯ ಸದಸ್ಯರೆಲ್ಲ ಬಿಡುವಾದ ದಿನ ಸೇರತಕ್ಕದ್ದೆಂದೂ ಆದೇಶಿಸಿದರು.

ಅಕ್ಕ ಮನೆಗೆ ಬಂದಾಗ ಮುಖ ಬಾಡಿತ್ತು. ಅಮ್ಮ ತರಕಾರಿ ಹೆಚ್ಚುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ಉಚಿತ ಅಂತೀರ, ದುಡ್ಡು ಕೇಳ್ತೀರ. ಉತ್ತರ ಇದೆ ಅಂತೀರ, ಕೊಡಲ್ಲ ಅಂತೀರ. ಅದೆಂಥ ಆಫೀಸೇ ನಿಮ್ದು?"

"ನಿಯಮ ಅಮ್ಮ."

"ಆ ಮೂಕಪ್ರಾಣಿಗೆ ನಿಯಮ ಗೊತ್ತಾ? ಆ ಡಾಕ್ಟ್ರ ನಂಬರ್ ಇದೆ ತಾನೇ? ಫೋನ್ ಮಾಡು."

"ಕೆಲಸ ಹೋಗುತ್ತೆ."

"ಹೋದ್ರೆ ಹೋಗ್ಲಿ. ಸಂಬಳ ಬರೋ ಕೆಲಸ ಹೋದ್ರೆ ಅಳಬೇಕು."

ಈ ವಾದದಲ್ಲಿ ಹುರುಳಿದೆ ಎನ್ನಿಸಿ ಅಕ್ಕ ಫೋನ್ ಮಾಡಿದಳು. ಡಾಕ್ಟರಮ್ಮ ಕಾಂಪೌಂಡರನ್ನು ಜೀಪಿನಲ್ಲಿ ಅಟ್ಟಿದರು. ಬೀಗ ಒಡೆದಾಗ ಮೇಕೆ ಹಾಸಿಗೆಯನ್ನೂ, ಒಂದು ಬುಟ್ಟಿಯನ್ನೂ, ಬಾಗಿಲಿನ ಕೆಳತುದಿಯನ್ನೂ ತಿಂದು ಮುಗಿಸಿ, ಕಾಲು ಸೋತು ಮಲಗಿತ್ತು. ನೀರು ಕಂಡದ್ದೇ ಎದ್ದು ನಿಂತಿತು. ಅದರ ಫೋಟೋ ತೋರಿಸಿದಾಗ ಮುದುಕಿ ಫೋನನ್ನು ಎದೆಗವುಚಿಕೊಂಡು ಅತ್ತಳು, ನಕ್ಕಳು, ಆಮೇಲೆ ಬಾಯಿಗೆ ಕೈ ತೋರಿಸಿ ಊಟ ಕೇಳಿದಳು. ಅದನ್ನು ಕೇಳಿ ಅಕ್ಕನಿಗೂ ಅಂದು ಹಸಿವಾಯಿತು.

ಡಾಕ್ಟರಮ್ಮ ಸಂಸ್ಕಾರವಂತೆ. ಮರುದಿನ ತಾಣಕ್ಕೆ ಹೋಗಿ, ಎಲ್ಲರಿಗೂ ಕಾಣುವಂತೆ ಬರೆದರು: 'ಉತ್ತರ ಸಿಕ್ಕಿತು. ಅಜ್ಜಿ ಊಟ ಮಾಡುತ್ತಿದ್ದಾರೆ. ಬಳಗಕ್ಕೆ ಅನಂತ ವಂದನೆಗಳು.'

ಅಜ್ಜಿಯ ಪ್ರಶ್ನೆಯನ್ನು ದೊಡ್ಡಕ್ಷರದಲ್ಲಿ ಹಾಕಿದಾಗಿನಿಂದ ಹರಿದು ಬರುತ್ತಿದ್ದ ದೇಣಿಗೆ ಮಧ್ಯಾಹ್ನದ ಹೊತ್ತಿಗೆ ನಲ್ಲಿ ತಿರುಗಿಸಿದಂತೆ ನಿಂತುಹೋಯಿತು.

ತುರ್ತು ಸಭೆ ಸೇರಿತು. ಸಲಹೆಗಾರರ ಮುಖದಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. "ಮೇಕೆ ಬದುಕಿದ್ದು ವೈಯಕ್ತಿಕವಾಗಿ ನನಗೆ ಸಂತೋಷವೇ. ಆದರೆ ಅಭಿಯಾನದ ಅವಧಿಯಲ್ಲಿ ಬದುಕಬಾರದಿತ್ತು. ಸಾವಿರಾರು ಜನ ಈ ಪ್ರಶ್ನೆಗೆ ಉತ್ತರ ಸಿಗಲಿ ಅಂತ ದುಡ್ಡು ಕೊಟ್ಟಿದ್ದಾರೆ. ಅದನ್ನ ಯಾರೋ ಬಿಟ್ಟಿಯಾಗಿ ಕೊಟ್ಟುಬಿಟ್ರೆ ಅದು ದಾನಿಗಳಿಗೆ ಮಾಡಿದ ಮೋಸ ಅಲ್ವಾ?"

ಮೋಸ ಎಂಬ ಮಾತು ಕೇಳಿ ಎಲ್ಲರೂ ತಲೆ ತಗ್ಗಿಸಿದರು. ಅಭ್ಯಾಸಬಲದಿಂದ ಅಕ್ಕನೂ ತಗ್ಗಿಸಿದಳು. ಸುದೀರ್ಘ ಚರ್ಚೆಯ ನಂತರ, ಸದರಿ ಉತ್ತರವು ಅನಧಿಕೃತ ಮೂಲದಿಂದ, ಅಭಿಯಾನದ ಅವಧಿಯಲ್ಲಿ, ಶುಲ್ಕರಹಿತವಾಗಿ ನೀಡಲ್ಪಟ್ಟದ್ದರಿಂದ ಅದನ್ನು ಉತ್ತರವೆಂದು ಪರಿಗಣಿಸತಕ್ಕದ್ದಲ್ಲವೆಂದೂ, ಪ್ರಶ್ನೆಯು ಯಥಾಸ್ಥಿತಿಯಲ್ಲಿ ಮುಂದುವರಿಯುವುದೆಂದೂ ನಿರ್ಣಯಿಸಲಾಯಿತು. ಉಳಿದದ್ದು ಡಾಕ್ಟರಮ್ಮನ ಒಪ್ಪಿಗೆ. ಸಲಹೆಗಾರರು ಎಲ್ಲರೆದುರಿಗೇ ಫೋನ್ ಹಚ್ಚಿದರು.

"ಇದೇನ್ರೀ ಹುಚ್ಚಾಟ?" ಎಂದು ಡಾಕ್ಟರಮ್ಮ ರೇಗಿದರು. "ನನಗೆ ಉತ್ತರ ಗೊತ್ತು. ಮೇಕೇನ ಇಲ್ಲಿಗೇ ತಂದು ಆಸ್ಪತ್ರೆ ಹಿತ್ತಲಲ್ಲಿ ಕಟ್ಟಿದೀವಿ, ಬೇಕಾದ್ರೆ ಕೂಗಿಸ್ತೀನಿ."

"ಖಂಡಿತ ಮೇಡಂ. ಅಂದಹಾಗೆ, ಈ ಸಲದ ನಿಧಿಯಲ್ಲಿ ನಿಮ್ಮ ಆಸ್ಪತ್ರೆಗೆ ಗಾಲಿಕುರ್ಚಿಗಳನ್ನ ಕೊಡಬೇಕು ಅಂತ ಅಧ್ಯಕ್ಷರ ಆಸೆ."

"ನಮ್ಮಲ್ಲಿರೋದು ಒಂದೇ. ಅದಕ್ಕೂ ಒಂದು ಗಾಲಿ ಇಲ್ಲ" ಎಂದರು ಡಾಕ್ಟರಮ್ಮ, ದನಿ ತಗ್ಗಿಸಿ.

"ಅಯ್ಯೋ ಪಾಪ. ಹಾಗಾದ್ರೆ ಮೇಡಂ, ಅಜ್ಜಿ ಏನು ಹೇಳ್ತಿದ್ರು?"

ಹಿಂದೆ ಎಲ್ಲೋ ಮೇಕೆ ಕೂಗಿದ್ದು ಅಕ್ಕನಿಗೆ ಕೇಳಿಸಿತು.

"ಏನೋ ಹೇಳ್ತಿದ್ರಪ್ಪ" ಎಂದರು ಡಾಕ್ಟರಮ್ಮ. "ನನಗಂತೂ ಅರ್ಥ ಆಗ್ಲಿಲ್ಲ."

ಭಾಷಾಶಾಸ್ತ್ರದ ಮೇಷ್ಟರು ಸುಲಭಕ್ಕೆ ಬಗ್ಗಲಿಲ್ಲ. ಸತ್ಯವನ್ನು ಮುಚ್ಚಿಡಲು ತಮ್ಮಿಂದಾಗದೆಂದು ಖಾರವಾಗಿ ಬರೆದರು. ಅವರ ವ್ಯಾಕರಣವನ್ನು ರಟ್ಟು ಹಾಕಿಸಿ ಅಚ್ಚು ಮಾಡಿಸುವುದೆಂದು ತೀರ್ಮಾನವಾದ ಮೇಲೆ, ತೀಲಮ ಎಂಬ ಶಬ್ದದ ಅರ್ಥವ್ಯಾಪ್ತಿ ಮೊದಲು ಭಾವಿಸಿದ್ದಕ್ಕಿಂತ ಜಟಿಲವಾಗಿದ್ದು ಇನ್ನೂ ಹೆಚ್ಚಿನ ಸಂಶೋಧನೆ ಅಗತ್ಯವೆಂದು ತಿದ್ದುಪಡಿ ಕಳಿಸಿದರು.

ಅಕ್ಕನ ಸರದಿ ಬಂತು. ಕೇಳಿದರೆ ಹೇಳಲು ರಾಜೀನಾಮೆಯ ಮಾತು ಗಂಟಲಲ್ಲಿ ಸಿದ್ಧವಾಗಿತ್ತು. ಅಧ್ಯಕ್ಷರು ಏನೂ ಕೇಳಲಿಲ್ಲ. "ಅಕ್ಕ" ಎಂದರು, ಹಿಂದೆಂದೂ ಇಲ್ಲದಷ್ಟು ಮೃದುವಾಗಿ. ಬಾಕಿ ಸಂಬಳವನ್ನೆಲ್ಲ ಒಟ್ಟಿಗೆ ಮುಂದಿಟ್ಟರು. ಇನ್ನು ಮುಂದೆ ಅವಳು ಬಳಗದ ಅನುತ್ತರ ವಿಭಾಗದ ಮುಖ್ಯಸ್ಥೆಯೆಂದೂ, ಬಂದ ಉತ್ತರಗಳು ಹೊರಹೋಗದಂತೆ ಕಾಯುವುದು ಅವಳ ಹೊಣೆಯೆಂದೂ ತಿಳಿಸಿದರು. ಅಕ್ಕ ಗಂಟಲಲ್ಲಿದ್ದುದನ್ನು ನುಂಗಿಕೊಂಡಳು. ಮನೆ ಬಾಡಿಗೆ ಕೇಳುವವರು ಅವಳ ಮನೆಯ ಬಾಗಿಲಿಗೂ ಬರುತ್ತಿದ್ದರು.

ಹೊಸ ಪೋಸ್ಟರಿಗೆ ಮುದುಕಿಯ ನಿಜವಾದ ಫೋಟೋ ಒಗ್ಗಲಿಲ್ಲ. ಆಸ್ಪತ್ರೆಯ ಊಟ ಹಿಡಿಸಿ ಅವಳು ಮೈ ತುಂಬಿಕೊಂಡಿದ್ದಳು. ಆದ್ದರಿಂದ ಕಲಾವಿದರಿಂದ ಇನ್ನೂ ಬಡಕಲಾದ, ಇನ್ನೂ ಬಾಗಿದ ಮುದುಕಿಯೊಬ್ಬಳನ್ನು ಬರೆಸಲಾಯಿತು. ಅದನ್ನು ನೋಡಿ ಅಕ್ಕನ ಅಮ್ಮನೇ ಸೆರಗಿನ ಗಂಟು ಬಿಚ್ಚಿದಳು.

"ಅಮ್ಮಾ, ಫೋನ್ ಮಾಡಿಸಿದ್ದೇ ನೀನು! ಆಯಮ್ಮ ಚೆನ್ನಾಗಿದ್ದಾಳೆ ಅಂತ ಗೊತ್ತಲ್ಲ ನಿನಗೆ?"

"ಗೊತ್ತು ಕಣೇ. ಆದ್ರೂ ಆ ಚಿತ್ರ ನೋಡಿದ್ರೆ ಕರುಳು ಚುರ್ ಅನ್ನುತ್ತೆ. ತಗೋ, ಹಾಕು."

ಅಭಿಯಾನವು ನಿರೀಕ್ಷೆಗೂ ಮೀರಿ ಯಶಸ್ವಿಯಾಯಿತು. ಯಶಸ್ವಿಯಾದ ಅಭಿಯಾನವನ್ನು ನಿಲ್ಲಿಸುವುದು ದಾನಿಗಳಿಗೆ ಮಾಡುವ ಅವಮಾನವೆಂದು ಅದನ್ನು ವಿಸ್ತರಿಸಲಾಯಿತು, ಮತ್ತೆ ವಿಸ್ತರಿಸಲಾಯಿತು. ಸೇವೆ ನಿಂತ ಬಗ್ಗೆ ಒಂದೇ ಒಂದು ದೂರೂ ಇರಲಿಲ್ಲ; ಬಂದ ದೂರುಗಳನ್ನೆಲ್ಲ ಪ್ರಶ್ನೆಗಳ ಸಾಲಿಗೆ ಸೇರಿಸಲಾಗಿತ್ತು. ಪೋಸ್ಟರು ಮತ್ತು ಹಣ ಪಾವತಿಯ ಪುಟಕ್ಕೆ ಬೇಕಾದ ಒಂದನ್ನು ಬಿಟ್ಟು ಉಳಿದ ಯಂತ್ರಗಳನ್ನು ಸರ್ವರ್ ಅಣ್ಣ ಆರಿಸಿದ. ಫ್ಯಾನು ಮನುಷ್ಯರ ಕೋಣೆಗೆ ಬಂತು. ಇದನ್ನು ಅಭಿಯಾನದ ಮೂರ್ತ ಸಾಧನೆಯೆಂದು ವರದಿಯಲ್ಲಿ ಕಾಣಿಸಲಾಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಮೇಲ್ಕಣಿವೆಯ ಕೊನೆಯ ಹಳ್ಳಿಯಿಂದ ಒಂದು ದೇಣಿಗೆ ಬಂತು. ಆ ಹಳ್ಳಿಯ ಹೆಸರನ್ನು ಅಕ್ಕ ಎರಡು ಸಲ ಓದಿದಳು. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. ಎತ್ತಿದ್ದು ಮೊಮ್ಮಗಳು, ಪೇಟೆಯಲ್ಲಿ ಹೊಲಿಗೆ ಕೆಲಸ ಮಾಡುವವಳು, ಅಜ್ಜಿಗೆ ಸೊಂಟ ಮುರಿದದ್ದು ತಡವಾಗಿ ತಿಳಿದು ಓಡಿ ಬಂದವಳು.

"ನಾನೇ ನಿಮ್ಮ ಪೋಸ್ಟರ್ ತೋರಿಸ್ದೆ ಮೇಡಂ. ಎಲ್ಲೋ ಒಬ್ಬ ಮುದುಕಿ ಮಾತು ಯಾರಿಗೂ ತಿಳೀತಿಲ್ವಂತೆ ಅಂದೆ. ಅಜ್ಜಿ ಅತ್ತೇಬಿಟ್ರು. ಆ ಕಷ್ಟ ಏನು ಅಂತ ಅವರಿಗೆ ಗೊತ್ತಲ್ಲ. ಮೇಕೆ ಮಾರಿಬಿಟ್ರು."

ಅಕ್ಕ ಫೋನನ್ನು ಬಾಯಿಗೆ ಹತ್ತಿರ ಹಿಡಿದಳು. "ಅಮ್ಮಾ, ಕೇಳಿ ಇಲ್ಲಿ. ಆ ಮುದುಕಿ ನಿಮ್ಮಜ್ಜೀನೇ. ಆ ಚಿತ್ರ ಅವರದ್ದೇ. ದುಡ್ಡು ವಾಪಸ್ ಕಳಿಸ್ತೀನಿ, ಹೋಗಿ ಮೇಕೆ ಬಿಡಿಸಿಕೊಳ್ಳಿ."

ಮೊಮ್ಮಗಳು ಅದನ್ನು ತನ್ನ ಭಾಷೆಯಲ್ಲಿ ಹೇಳಿದಳು. ಮುದುಕಿ ಫೋನಿನಲ್ಲಿ ಚಿತ್ರವನ್ನು ಮತ್ತೆ ನೋಡಿರಬೇಕು. ಅವಳ ದನಿ ದೂರದಿಂದ ಒಂದಷ್ಟು ಹೊತ್ತು ಕೇಳುತ್ತಿತ್ತು.

"ಇವಳು ನಾನಲ್ಲ ಅಂತಿದ್ದಾರೆ" ಎಂದಳು ಮೊಮ್ಮಗಳು. "ನಾನು ದಪ್ಪ ಇದ್ದೀನಿ, ಇವಳು ಕಡ್ಡಿ. ಅದೂ ಅಲ್ದೆ ನನ್ನ ಮಾತು ಜನಕ್ಕೆ ತಿಳೀತು, ಮೇಕೆ ಬದುಕ್ತು. ಈ ಪಾಪದವಳದ್ದು ಇನ್ನೂ ಯಾರಿಗೂ ತಿಳಿದಿಲ್ಲ ಅಂತ ನೀವೇ ಬರೆದಿದ್ದೀರಲ್ಲ ಅಂತಾರೆ. ವಾಪಸ್ ಕಳಿಸಿದ್ರೆ ಬೇಜಾರು ಮಾಡ್ಕೋತಾರಂತೆ."

ಫ್ಯಾನಿನ ಕೆಳಗೆ ಕೂತಿದ್ದ ಸಲಹೆಗಾರರು ತಲೆಯೆತ್ತಿ ನೋಡಿದರು. ಅಧ್ಯಕ್ಷರೂ ನೋಡಿದರು.

"ಇನ್ನೊಂದು ವಿಷಯ ಕೇಳ್ತಿದ್ದಾರೆ ಮೇಡಂ. ಆ ಮುದುಕಿ ಏನು ಹೇಳ್ತಿದ್ದಾಳೆ ಅಂತ ಯಾವಾಗ ತಿಳಿಯುತ್ತೆ?"

ಅಕ್ಕ ರಶೀದಿ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅಭಿಯಾನ ಮುಗಿದ ತಕ್ಷಣ ತಿಳಿಸ್ತೀವಿ" ಎಂದಳು.

ಆ ಕಡೆ ಅಜ್ಜಿ-ಮೊಮ್ಮಗಳು ಮಾತಾಡಿಕೊಂಡರು.

"ಆಗಲಿ ಮೇಡಂ. ಅವಸರ ಏನಿಲ್ವಂತೆ."