ಉಸಿರಾಡುವುದನ್ನು ಓದಲು ಹೋದವನು

ಅಂಜುಬುರುಕರನ್ನು ಕಂಡರೆ ಪೇಚಿನ ಪ್ರಸಂಗಗಳಿಗೆ ಎಲ್ಲಿಲ್ಲದ ಪ್ರೀತಿ. ಅವು ನನ್ನನ್ನಂತೂ ಹುಡುಕಿಕೊಂಡು ಬರುತ್ತವೆ. ಬಸ್ಸು ಹತ್ತಿದರೆ ನನಗೆ ಬ್ರೇಕಿನ ಚಿಂತೆ, ಇಳಿದರೆ ಛತ್ರಿ ಮರೆತೆನೋ ಎಂಬ ಚಿಂತೆ. ಇಂಥವನು ಹೋಗಿ ಹೋಗಿ ಓದಿದ್ದು ವ್ಯಾಯಾಮ ಶಾಸ್ತ್ರ! ಆಗ ಕೊಡಗು ತನ್ನದೇ ಒಂದು ಪುಟ್ಟ ರಾಜ್ಯ. ರಾಜ್ಯವೇನೋ ನಮ್ಮದೇ, ಆದರೆ ಆ ಓದಿಗೆ ಮದರಾಸಿನ ಕಾಲೇಜಿಗೇ ಹೋಗಬೇಕಿತ್ತು.

ಮೊದಲ ರಜೆ

ರಜೆಗೆ ನಮ್ಮೂರು ಶಿರಂಗಾಲಕ್ಕೆ ಬಂದ ದಿನ ಅಪ್ಪ ನೇಗಿಲು ಸರಿಮಾಡುತ್ತಾ ಕೇಳಿದರು. "ಏನೇನ್ ಕಲಿಸವ್ರೆ?"

"ಓಡೋದು, ನೆಗೆಯೋದು. ಈಗ ಉಸಿರಾಡೋ ಕ್ರಮ ನಡೀತಿದೆ, ಅಪ್ಪಯ್ಯ."

ಅಪ್ಪ ಉಳಿ ಕೆಳಗಿಟ್ಟರು.

"ಉಸಿರಾಡೋದನ್ನ ಕಲಿಯಕ್ಕೆ ಮದರಾಸಿಗೆ ಹೋಗ್ಬೇಕೇನ್ಲಾ? ನೋಡು, ಒಂದೇ ಸಲಕ್ಕೆ ಪಾಸಾದ್ರೆ ಡ್ರಿಲ್ ಮೇಷ್ಟ್ರಾಗು. ಡುಮ್ಕಿ ಹೊಡೆದ್ಯೋ, ಬಂದು ಈ ನೇಗಿಲು ಹಿಡಿ."

ನೇಗಿಲು ಹಿಡಿಯಲು ನನಗೆ ಬೇಸರವಿರಲಿಲ್ಲ. ನಮ್ಮ ಎತ್ತುಗಳನ್ನು ಕಂಡರೆ ಹೆದರಿಕೆ. ಹಾಯುತ್ತಿದ್ದವು. ಹಾಗಾಗಿ ಪಾಸಾಗಲೇಬೇಕಿತ್ತು. ಒಳಗಿನಿಂದ ಅಜ್ಜಿ ಕೂಗಿದರು: "ಲೋ, ಇಷ್ಟು ವರ್ಷ ನಾನು ಉಸಿರಾಡಿದ್ದು ಸರಿಯಾಗಿತ್ತಾ ಅಂತ ಅವನನ್ನೇ ಒಸಿ ಕೇಳೋ!"

ಬೆಳಗಿನ ಓಟ

ರಜೆಯಲ್ಲೂ ಓಟದ ಅಭ್ಯಾಸ ಬಿಡಬಾರದೆಂದು ಕಾಲೇಜಿನ ಮೇಷ್ಟ್ರ ಕಟ್ಟಪ್ಪಣೆ. ಒಂದು ಬೆಳಿಗ್ಗೆ ಚಡ್ಡಿ ಹಾಕಿಕೊಂಡು ರಸ್ತೆಯಲ್ಲಿ ಓಡಿದೆ. ನಮ್ಮ ಕಡೆ ಹೊತ್ತು ಹುಟ್ಟುವ ಮುಂಚೆ ಒಬ್ಬ ಓಡುತ್ತಿದ್ದಾನೆ ಎಂದರೆ ಹಿಂದೆ ಆನೆ ಇದೆ ಎಂದೇ ಅರ್ಥ. ಸೊಪ್ಪಿನ ಹೊರೆ ಹೊತ್ತವನೊಬ್ಬ ಹೊರೆ ಬಿಸಾಕಿ ನನ್ನ ಜೊತೆ ಓಡಿದ. ಹಾಲಿನ ಚೊಂಬು ಹಿಡಿದವಳು ಚೊಂಬಿನ ಸಮೇತ ಓಡಿದಳು. ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಸೈಕಲ್ಲನ್ನು ಅಲ್ಲೇ ಬಿಟ್ಟು ಓಡಿದರು. ಸೈಕಲ್ಲು ಯಾಕೆ ಬಿಟ್ಟರೋ, ಅವರಿಗೂ ಗೊತ್ತಿಲ್ಲ.

ಹಿಂದಿನಿಂದ ಯಾರೋ ಕಿರುಚಿದರು. "ಆನೆ! ಆನೆ!"

ಆ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಓಟ ಎರಡರಷ್ಟಾಯಿತು. ಈ ಓಟ ಶುರುಮಾಡಿದವನು ನಾನೇ ಎಂಬುದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಎಲ್ಲರಿಗಿಂತ ಮೊದಲು ಮರ ಹತ್ತಿದವನು ನಾನೇ.

ಅಜ್ಜಿಯ ನಾಡಿ

ಮುಂದಿನ ವರ್ಷ ಹೃದಯದ ಪಾಠ. ಓದಿದ ರೋಗವೆಲ್ಲ ನನಗೇ ಇದ್ದಂತೆ ಅನ್ನಿಸಿ, ಉಣ್ಣುವಾಗಲೂ ಎಡಗೈಯಲ್ಲಿ ಕತ್ತಿನ ನಾಡಿ ಹಿಡಿದೇ ಕೂರುತ್ತಿದ್ದೆ. ರಜೆಗೆ ಬಂದಾಗ, ಬೇರೆಯವರ ನಾಡಿ ಹೇಗಿರುತ್ತದೋ ನೋಡೋಣವೆಂದು ಅಜ್ಜಿಯ ಕೈ ಹಿಡಿದು ಗಡಿಯಾರ ನೋಡತೊಡಗಿದೆ. ಲೆಕ್ಕ ತಪ್ಪಿತು. ಮತ್ತೆ ಹಿಡಿದೆ, ಮತ್ತೆ ತಪ್ಪಿತು. ನನ್ನ ಮುಖ ಬಾಡಿದ್ದನ್ನು ಅಜ್ಜಿ ನೋಡಿಬಿಟ್ಟರು.

"ಗೊತ್ತಾಯ್ತು ಬಿಡು ಮಗ, ಬಾಯಿಬಿಟ್ಟು ಹೇಳ್ಬೇಡ," ಎಂದು ಚಾಪೆ ಹಾಸಿಕೊಂಡು ಮಲಗಿದರು. ಅವ್ವನನ್ನು ಕರೆದು, "ತಗಳವ್ವ, ನನ್ನದೇನಿದ್ರೂ ನಿನ್ನದೇ," ಎಂದು ಕೊರಳಿನ ಚಿನ್ನದ ಸರ ಬಿಚ್ಚಿ ಕೊಟ್ಟರು. ಏನೂ ಆಗಿಲ್ಲವೆಂದು ನಾನು ಆಣೆ ಪ್ರಮಾಣ ಮಾಡಿದ ಮೇಲೆ ಎದ್ದು ಕೂತು ಎರಡು ರೊಟ್ಟಿ ತಿಂದರು. ಆಮೇಲೆ ಎಷ್ಟೋ ವರ್ಷ ಗಟ್ಟಿಮುಟ್ಟಾಗಿದ್ದರು.

ಸರ ಮಾತ್ರ ಅವ್ವ ವಾಪಸ್ ಕೊಡಲಿಲ್ಲ.

ಕೊನೆಯ ಪರೀಕ್ಷೆ

ಕಡೆಯ ಪರೀಕ್ಷೆಯನ್ನು ಅವರವರ ಸೀಮೆಯ ಶಾಲೆಯಲ್ಲೇ ಎದುರಿಸಬೇಕು. ಪರೀಕ್ಷಕರು ಅಲ್ಲಿಗೇ ಬರುತ್ತಾರೆ. ನನ್ನದು ಸೋಮವಾರಪೇಟೆಯಲ್ಲಿ, ಅದೂ ಸಂತೆಯ ದಿನ. ಅಪ್ಪ ಗಾಡಿ ಕಟ್ಟಿಕೊಂಡು ಬಂದು ಮೈದಾನದ ಬೇಲಿಯಾಚೆ ನಿಲ್ಲಿಸಿದ್ದರು. ಫೇಲಾದರೆ ಹಾಗೇ ಹೇರಿಕೊಂಡು ಹೋಗುವ ಲೆಕ್ಕಾಚಾರ. ಎತ್ತುಗಳು ನನ್ನನ್ನೇ ನೋಡುತ್ತಿದ್ದವು.

ಪರೀಕ್ಷಕರದು ಗಂಟುಮೋರೆ. "ವ್ಯಾಯಾಮದಿಂದ ನಾಡಿ ಏನಾಗುತ್ತೆ?"

"ಏರುತ್ತೆ, ಸಾರ್."

"ನಿಮ್ಮ ಮೇಲೇ ತೋರಿಸಿ," ಎಂದು ನನ್ನ ಕೈ ಹಿಡಿದರು. ಹುಬ್ಬು ಗಂಟಿಕ್ಕಿತು. ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದರು. "ಈಗ ಎಲ್ಲಿಂದಾದರೂ ಓಡಿಬಂದ್ರಾ?"

"ಇಲ್ಲ ಸಾರ್, ಬೆಳಿಗ್ಗೆಯಿಂದ ಬೆಂಚಿನ ಮೇಲೇ ಕೂತಿದ್ದೀನಿ."

ಅವರ ಅಪ್ಪಣೆಯಂತೆ ಮೈದಾನ ಒಂದು ಸುತ್ತು ಓಡಿಬಂದೆ. ಮತ್ತೆ ಕೈ ಹಿಡಿದು ಬೆರಗಾದರು. "ಏನ್ರೀ ಇದು, ಇಳಿದಿದೆ! ಶಾಸ್ತ್ರವೇ ಉಲ್ಟಾ ಆಯ್ತಲ್ಲ. ಕಾರಣ ಹೇಳಿ."

ಓದಿದ್ದೊಂದೂ ನೆನಪಿಗೆ ಬರಲಿಲ್ಲ. ಬಾಯಿಂದ ನಿಜವೇ ಬಿತ್ತು. "ಓಡುವಾಗ ನೀವು ದೂರ ಇದ್ರಿ, ಸಾರ್."

ಗಂಟುಮೋರೆ ಸಡಿಲಗೊಂಡು, ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಹಾಗಾದ್ರೆ ಇನ್ನೊಂದು ಸುತ್ತು ಓಡಿ. ಎದುರಿಗೆ ನಿಲ್ಲಿಸಿಕೊಂಡು ಪಾಸು ಅಂತ ಬರೆದ್ರೆ ನಿಮ್ಮ ಎದೆ ಒಡೆದೀತು."

ಖುಷಿಯಲ್ಲಿ ಹುಚ್ಚನಂತೆ ಓಡಿದೆ. ಬೇಲಿಯಾಚೆ ನಿಂತ ಅಪ್ಪನಿಗೆ ಮಾತೇನು ಕೇಳಿಸಿತ್ತು? ಮಗ ಫೇಲಾಗಿ ಊರು ಬಿಟ್ಟು ಓಡುತ್ತಿದ್ದಾನೆ ಎಂದೇ ಅವರ ಎಣಿಕೆ. ಬೇಲಿ ಹಾರಿ, ಪಂಚೆ ಎತ್ತಿಕಟ್ಟಿ ನನ್ನ ಹಿಂದೆ ಬಿದ್ದರು. "ಫೇಲಾದ್ರೆ ಆಗ್ಲಿ ಕಣೋ! ನೇಗಿಲೂ ಬ್ಯಾಡ, ಏನೂ ಬ್ಯಾಡ! ಮನೇಗ್ ಬಾರೋ ಮಗ!"

ಅಪ್ಪ ನನ್ನನ್ನು "ಮಗ" ಎಂದದ್ದನ್ನು ಅಂದೇ ಮೊದಲ ಸಲ ಕೇಳಿದ್ದು. ನಿಂತೆ. "ಪಾಸಾದೆ, ಅಪ್ಪಯ್ಯ!"

ಅಪ್ಪ ಹುಲ್ಲಿನ ಮೇಲೆ ಕುಸಿದು ಕೂತರು. ಏದುಸಿರು. ನನ್ನ ತೋಳು ಹಿಡಿದೆಳೆದು, ಅಂತೂ ಇಂತೂ ಹೇಳಿದರು:

"ಅದೇನೋ... ಉಸಿರಾಡೋದು... ಕಲ್ತಿದ್ದೀನಿ ಅಂದ್ಯಲ್ಲ... ಬೇಗ ಹೇಳ್ಕೊಡ್ಲಾ!"