ಹೊಗೆ ನಿಂತ ಮನೆ

ಮುಳ್ಳೂರಿನ ಮಂಟೇಸ್ವಾಮಿಗೆ ಇದ್ದದ್ದು ಒಂದೇ ಆಸೆ, ಬೆಳಿಗ್ಗೆ ಏಳು ಗಂಟೆಯವರೆಗೆ ಮಲಗುವುದು. ಆಫೀಸು ಇದ್ದದ್ದೇನೋ ಹತ್ತಕ್ಕೆ. ಆದರೆ ಬಚ್ಚಲಿನ ಹಂಡೆ ಒಲೆ ಹಚ್ಚುವ ಕೆಲಸ ಮದುವೆಯಾದ ವಾರವೇ ಅವನ ಪಾಲಿಗೆ ಬಂದಿತ್ತು. ಹದಿನೆಂಟು ವರ್ಷ ಐದಕ್ಕೇ ಎದ್ದು ಹಸಿ ಸೌದೆ ಊದಿದ. ಸಾಕಪ್ಪಾ ಸಾಕು ಎಂದು ಈಗ ಹಂಡೆ ಕೀಳಿಸಿ ಗ್ಯಾಸ್ ಗೀಸರ್ ತಂದ.

ಅದನ್ನು ಕೂರಿಸಲು ಬಂದ ಮಾದಸ್ವಾಮಿ ಬಚ್ಚಲನ್ನು ಸುತ್ತ ನೋಡಿದ. "ಇದರ ಹೊಗೆ ಕಣ್ಣಿಗೆ ಕಾಣಲ್ಲ ಸಾ. ಗೋಡೆ ತೂತು ಮಾಡಿ ಕೊಳವೆನ ಆಚೆಗೆ ಬುಡದಿದ್ರೆ ನೀವು ಏಳು ಗಂಟೆಗಲ್ಲ, ಯಾವತ್ತೂ ಏಳಲ್ಲ."

ಪಕ್ಕದ ಗೋಡೆಗೆ ಮೊದಲ ಏಟು ಬಿದ್ದದ್ದೇ ತಡ, ಪಕ್ಕದ ಮನೆಯ ಪುಟ್ಟಬಸಪ್ಪ ಬಂದ. ಅವನಿಗೆ ಕುಂತೂರಿನ ಕಾರ್ಖಾನೆಯಲ್ಲಿ ಕೆಲಸ, ಮಲಗುವುದು ಜಗಲಿಯಲ್ಲಿ. ಹಂಡೆ ಹೊಗೆ ಹೋಗುತ್ತಿದ್ದದ್ದೂ ಆ ಜಗಲಿಗೇ.

"ಹದಿನೆಂಟು ವರ್ಸ ಕೆಮ್ಮಿವ್ನಿ. ಈ ಕಡೆ ಸೂಜಿ ತೂತು ಬಿದ್ರೂ ಪಂಚಾಯ್ತಿಗೆ ಓಯ್ತೀನಿ," ಎಂದ.

ಹಿಂದಿನ ಗೋಡೆಗೆ ಹೋದರೆ ಹಿಂಬದಿ ಮನೆಯ ದೊಡ್ಡಬಸಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಆಕೆಯ ರೇಷ್ಮೆ ಹುಳುಗಳು ಗೂಡು ಕಟ್ಟಲು ಇನ್ನು ನಾಲ್ಕೇ ದಿನವಿತ್ತು. "ಹುಳಕ್ಕಾಗಲ್ಲ ಅಂತ ನಾನು ಊದುಬತ್ತಿನೇ ಹಚ್ಚಲ್ಲ. ಒಂದು ಹುಳ ಸತ್ರೂ ನಿನ್ ಕೈಲೇ ಗೂಡು ಕಟ್ಟುಸ್ತೀನಿ ಕಣ್ಲಾ."

ಉಳಿದದ್ದು ಬೀದಿ ಗೋಡೆ. ಹೆಂಡತಿ ಪುಷ್ಪ ಮುಖ ಊದಿಸಿಕೊಂಡಳು. "ಬೀದಿಗೆ ಬಚ್ಚಲ ಕೊಳವೆಯಾ? ನೋಡ್ದೋರು ಏನಂದಾರು?"

"ಅಂದೋರು ಅಂದ್ಕಳ್ಳಲಿ. ನಾನು ಮಲ್ಗಿರ್ತೀನಿ."

ಕೊಳವೆ ಬೀದಿ ಕಡೆಗೇ ಹೋಯಿತು. ಆ ರಾತ್ರಿ ಅವನು ಮಲಗಿದ ಸುಖವೇ ಸುಖ. ಬೆಳಿಗ್ಗೆ ಆರೂವರೆಗೆ ಯಾರೋ ಬಾಗಿಲು ದಬದಬ ಬಡಿದರು. ಹೊರಗೆ ಪುಟ್ಟಬಸಪ್ಪ.

"ಎಂಥ ಕೆಲ್ಸ ಮಾಡ್ಬುಟ್ರಿ? ಕಾರ್ಖಾನೆ ಬಸ್ಸು ಓಗಿ ಅರ್ಧ ಗಂಟೆ ಆಯ್ತು."

"ಅದಕ್ಕೆ ನಾನೇನ್ ಮಾಡ್ಲಿ?"

"ಐದಕ್ಕೆ ನಿಮ್ ಹೊಗೆ ಮೂಗಿಗೆ ಬಡೀತಿತ್ತು, ಕೆಮ್ಕಂಡು ಏಳ್ತಿದ್ದೆ. ಇವತ್ತು ಬಡೀನೇ ಇಲ್ಲ."

"ಮೊಬೈಲಲ್ಲಿ ಅಲಾರಂ ಇಲ್ವಾ?"

"ಅದ ನಿದ್ದೇಲೇ ಆಫ್ ಮಾಡ್ಬುಡ್ತೀನಿ. ನಿಮ್ ಹೊಗೆಯ ಆಫ್ ಮಾಡಕಾಯ್ತಿತ್ತಾ?"

ಪುಷ್ಪ ಒಳಗಿನಿಂದ ಬಂದಳು. ಬೀದಿ ಕೊಳವೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಚಿಂತೆ ಮಾಡ್ಬೇಡಿ ಬಸಪ್ಪಣ್ಣ. ಇವ್ರಿಗೆ ಐದಕ್ಕೆ ಎದ್ದು ರೂಢಿ ಅದೆ. ದಿನಾ ಬಂದು ಎಬ್ಬುಸ್ತಾರೆ."

ಮಾರನೆಯ ದಿನ ಐದು ಗಂಟೆಗೆ ಮಂಟೇಸ್ವಾಮಿ ಕಿವಿಗೆ ಟವಲು ಸುತ್ತಿಕೊಂಡು ಪಕ್ಕದ ಜಗಲಿಯ ಮುಂದೆ ನಡುಗುತ್ತ ನಿಂತಿದ್ದ. ಮೈ ಕಾಯಿಸಿಕೊಳ್ಳೋಣ ಎಂದರೆ ಹಂಡೆ ಒಲೆಯೂ ಇರಲಿಲ್ಲ.

"ಬಸಪ್ಪಣ್ಣ, ಏಳಿ. ಐದಾಯ್ತು."

ಕಂಬಳಿ ಒಂದಿಷ್ಟು ಅಲುಗಾಡಿತು.

"ಇನ್ನೊಂದತ್ತು ನಿಮಿಷ ಕಣ್ರಿ. ಅಲ್ಲೇ ನಿಂತಿರಿ."